ಸಂಬಂಧದ ಕಾಲಂ

ಅಲ್ ಐನ್‌ನ ಹಳೆಯ ಸೂಕಿನ ಹಿಂದೆ,
ಒಂದು ಸಲೂನಿಗೂ ಕರಕ್ ಚಾಯದ ಕಿಟಕಿಗೂ ನಡುವೆ
ನಮ್ಮ ಟೈಪಿಂಗ್ ಸೆಂಟರು.
ಎರಡನೇ ಮೇಜು ನನ್ನದು, ಏಸಿಯ ನೀರು ತೊಟ್ಟಿಕ್ಕುವ ಕಡೆ;
ಕೆಳಗೊಂದು ಐಸ್‌ಕ್ರೀಮ್ ಡಬ್ಬ ಇಟ್ಟಿದ್ದೇನೆ.
ಹದಿನಾಲ್ಕು ವರ್ಷಗಳಿಂದ ಬಂದವರನ್ನೆಲ್ಲ ಕೇಳುವುದು ಒಂದೇ ಮಾತು:
ಇವರು ನಿಮಗೆ ಏನಾಗಬೇಕು?

ಹೆಂಡತಿ. ಮಗ. ಹೆಂಡತಿಯ ತಾಯಿ.
ಬಾಣದ ಗುರುತು ಒತ್ತಿದರೆ ಪಟ್ಟಿ ಸರ್ರನೆ ಇಳಿಯುತ್ತದೆ,
ಅದರಲ್ಲಿ ಇದ್ದವರು ನೆಂಟರು, ಇಲ್ಲದವರು ಇತರೆ.

ಹಸೈನಾರ್ ಬಂದದ್ದು ಆಗಸ್ಟಿನಲ್ಲಿ, ಅಸರ್ ಬಾಂಗಿನ ಹೊತ್ತಿಗೆ.
ಉಳ್ಳಾಲದ ಕಡೆಯವನು. ಏರ್‌ಪೋರ್ಟಿನಲ್ಲಿ ಕೆಲಸ:
ಪುಟ್ಟ ವಿಮಾನದ ರೆಕ್ಕೆಗೆ
ಉಪ್ಪು ತುಂಬಿದ ಕೊಳವೆಗಳನ್ನು ಸಾಲಾಗಿ ಸಿಕ್ಕಿಸುವುದು.
ಮುಂದಿನದು ಪೈಲಟ್ಟಿನ ಪಾಲು,
ಮೋಡದ ಹೊಟ್ಟೆಯಡಿ ಹೋಗಿ ಹೊತ್ತಿಸುವುದು.
"ಉಪ್ಪು ತಿಂದವ ನೀರು ಕುಡಿಯಲೇಬೇಕಲ್ಲ ಅಕ್ಕಾ,
ನಮ್ಮಲ್ಲಿ ತಿನ್ನುವುದು ಅದು, ಕುಡಿಯಲು ಬಾಯಿ ತೆರೆದಿರುವುದು ನಾವು."
ನಗಲಿಲ್ಲ. ಎಲ್ಲರಿಗೂ ಹೇಳಿ ಸವೆದ ಮಾತಿರಬೇಕು.

"ಯಾರನ್ನು ಕರೆಸುವುದು?"
"ಮರಿಯಾಂಬಿ. ವಯಸ್ಸು ಎಪ್ಪತ್ತಮೂರು."
"ಏನಾಗಬೇಕು?"
ಪಾಸ್‌ಪೋರ್ಟಿನ ಜೆರಾಕ್ಸಿನ ಮೂಲೆ ಮಡಚಿದ, ಬಿಡಿಸಿದ.
"ಹೆತ್ತದ್ದಲ್ಲ. ಉಮ್ಮನಿಗೆ ಜ್ವರ ಬಂದು ಎದೆ ಬತ್ತಿದಾಗ
ಪಕ್ಕದ ಮನೆಯಿಂದ ಬಂದು ಹಾಲೂಡಿಸಿದ್ದು. ಏಳು ತಿಂಗಳು.
ಮಳೆ ಮಾಡುವುದು ನಾನು ಅಂದರೆ ನಂಬುವುದಿಲ್ಲ,
ಬಂದು ಕಣ್ಣಾರೆ ನೋಡಬೇಕಂತೆ."

ಪಟ್ಟಿಯನ್ನು ಎರಡು ಸಲ ಇಳಿಸಿದೆ, ಏರಿಸಿದೆ.
ಹಾಲಿನ ತಾಯಿ ಅಂದರೆ ಈ ಊರಿನ ಯಾವ ಮುದುಕಿಗೂ ಅರ್ಥವಾದೀತು;
ಕಂಪ್ಯೂಟರಿಗೆ ಯಾರೂ ಎದೆ ಕೊಟ್ಟಿರಲಿಲ್ಲ.
ಇತರೆ, ಎಂದು ಒತ್ತಿದೆ.

ಅವನು ಎದ್ದ ಮೇಲೆ ಮೇಜಿನಂಚಿನಲ್ಲಿ ಬಿಳಿ ಬೆರಳಚ್ಚು.
ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು
ನಾಲಿಗೆಗೆ ಹಚ್ಚಿಕೊಂಡೆ.
ಉಪ್ಪೇ.

ಮೋಡ ತಣ್ಣಗಾದರೆ ಮಳೆ, ಶಾಲೆಯಲ್ಲಿ ಕಲಿತದ್ದು ಇಷ್ಟೇ.
ಅಷ್ಟು ನೇರವಲ್ಲವಂತೆ. ಹಸೈನಾರ್ ಹೇಳಿದ:
ಮೋಡವೂ ನೀರೇ, ಆದರೆ ಹಗುರ;
ಒಂದೊಂದು ಕಣವೂ ತನ್ನಷ್ಟಕ್ಕೆ ತೇಲುತ್ತಿರುತ್ತದೆ
ಬೀಳುವ ನೆನಪೇ ಇಲ್ಲದೆ.
ಹೊರಗಿನದೊಂದು ಹರಳು ನಡುವೆ ಬರಬೇಕು,
ಉಪ್ಪೋ ಧೂಳೋ, ರಕ್ತಸಂಬಂಧವಿಲ್ಲದ್ದು.
ಅದನ್ನು ತಬ್ಬಿ, ಒಂದಕ್ಕೊಂದು ಅಂಟಿ, ಭಾರವಾಗಿ,
ಆಮೇಲೆ ಗಾಳಿ ಕೈಬಿಡುತ್ತದೆ.

ಗುರುವಾರ ಹಫೀತ್ ಗುಡ್ಡದ ನೆತ್ತಿಗೆ ಮೋಡ ಕೂಡಿತು.
ಸಲೂನಿನವನು ಕತ್ತರಿ ಹಿಡಿದೇ ಹೊರಬಂದ,
ಅರ್ಧ ಗಡ್ಡದ ಗಿರಾಕಿಯೂ ಬಂದ.
ಮಳೆ ಇಳಿಯುವುದು ಕಾಣುತ್ತಿತ್ತು, ಬೂದು ನೂಲಿನ ಹಾಗೆ;
ಇಳಿದದ್ದೆಲ್ಲ ನಡುದಾರಿಯಲ್ಲೇ ಆರಿ
ನೂಲಿಗೂ ನೆಲಕ್ಕೂ ನಡುವೆ ಒಂದು ಮೊಳ ಬೆಳಕು ಉಳಿದೇ ಉಳಿಯಿತು.
ಅರ್ಧ ಗಂಟೆ. ಆಮೇಲೆ ಗಾಳಿ ತಿರುಗಿ
ಬೇಲಿಯಾಚೆ, ಬುರೈಮಿಯಲ್ಲಿ ಸುರಿಯಿತು ನೋಡಿ,
ವೀಸಾ ಇಲ್ಲ, ಮುದ್ರೆ ಇಲ್ಲ,
ಒಮಾನಿನ ಮಕ್ಕಳು ಕುಣಿಯುವ ವಿಡಿಯೊ ರಾತ್ರಿಯೇ ಬಂತು.
ಕಳಿಸಿದವನು ಹಸೈನಾರ್. ಕೆಳಗೆ ಒಂದೇ ಸಾಲು:
ಉಪ್ಪು ನಮ್ಮದು.

ಸೋಮವಾರ ಅರ್ಜಿ ಮರಳಿ ಬಂತು.
ಸಂಬಂಧದ ದಾಖಲೆ ಲಗತ್ತಿಸಿ.
ಹೇಗೆ ಹೇಳುವುದೆಂದು ನಾನು ಮಾತು ಹುಡುಕುತ್ತಿದ್ದಾಗ
ಅವನ ಫೋನು ಬಡಿಯಿತು. ಸ್ಪೀಕರಿನಲ್ಲಿಟ್ಟ.
ಕೆಮ್ಮಿನ ನಡುವೆ ಒಂದು ಸ್ವರ:
"ಮೋಡ ಉಂಟಾ ಮೋನೇ ಅಲ್ಲಿ?"
"ಉಂಟು."
"ಮಳೆ?"
ಅವನು ಏಸಿಯ ಕೆಳಗಿನ ಡಬ್ಬ ನೋಡಿದ, ಅರ್ಧ ತುಂಬಿತ್ತು.
"ಉಪ್ಪು ಇಟ್ಟಿದ್ದೇವೆ. ನೋಡುವ."