ದಾರಿ ತಪ್ಪಿದ ಎರಡು ಮೈಲಿ

ಹಾಳೆಯ ನೆತ್ತಿಯಲ್ಲಿ ಆಂಬುಲೆನ್ಸ್ ಹೆಲಿಕಾಪ್ಟರಿನ ಚಿತ್ರ,
ಕೆಳಗೆ ಗೀಟೆಳೆದ ಮೂರು ಮನೆ:
ಹೆಸರು, ಮೈಲಿಗೆಷ್ಟು, ಸಂದಾಯ.
ಅಂಚೆಯ ಮೆಗನ್ ಇಪ್ಪತ್ತು ಪೆನ್ನಿ ಬರೆದಳು.
ಮಾಂಸದಂಗಡಿಯ ಹುಡುಗ ಒಂದು ಪೌಂಡು ಬರೆದು,
ಒಳಗಿಂದ ಅಪ್ಪ ಕೆಮ್ಮಿದ ಮೇಲೆ
ಅರ್ಧಕ್ಕಿಳಿಸಿದ.
ಇದ್ವಾಲ್ ಪ್ರೋಸರ್ ಮಾತ್ರ ಕನ್ನಡಕ ಹುಡುಕಿ,
ಟಗರು ಕೊಳ್ಳುವವನ ಹಾಗೆ
ಹಾಳೆಯ ಹಿಂದು ಮುಂದು ನೋಡಿ
ಐದು ಪೌಂಡು ಅಂದ. ಮೈಲಿಗೆ!
ಎಂಜಲು ಕೈಯಲ್ಲಿ ಕಾಗೆ ಓಡಿಸದ ಮನುಷ್ಯ.
'ಹನ್ನೆರಡು ತಾನೇ?'
ಹನ್ನೆರಡೇ, ಅಂದೆ.

ಮೇ ತಿಂಗಳ ಶನಿವಾರ. ಎಪ್ಪತ್ತೊಂದು ಜನ, ಮೂರು ನಾಯಿ,
ಎದೆಗೆ ಪಿನ್ನು ಚುಚ್ಚಿದ ಅಂಕಿ.
ಶಾಲೆಯ ಅಡುಗೆಮನೆಯಲ್ಲಿ ಮೂವತ್ತು ವರ್ಷ
ನಿಂತೇ ಇದ್ದ ನನ್ನ ಕಾಲು
ನಡಿಗೆಯನ್ನು ಮೊದಲಿಂದ ಕಲಿಯಬೇಕಾಯಿತು.
ಜೊತೆಗೆ ಗ್ಲೆನಿಸ್. ಗಂಡನ ಬೂಟು,
ಅದು ತುಂಬಲೆಂದು ಮೂರು ಜೊತೆ ಕಾಲುಚೀಲ.

ಏಳು ಮೈಲಿಯವರೆಗೆ ನಡೆದದ್ದು ಮಾತು, ನಾವಲ್ಲ.
ಬೇಲಿ ಹತ್ತಿ ಇಳಿಯುವ ಮರದ ಮೆಟ್ಟಿಲು,
ಮೊಣಕಾಲಿನ ಸಣ್ಣ ನರಳಿಕೆ,
ಅತ್ತಲಿಂದ ನೋಡುವ ಕುರಿಮರಿ.
ಆಮೇಲೆ ಬೆಟ್ಟದ ಮಂಜು ಇಳಿಯಿತು,
ಹಾಲು ಉಕ್ಕಿ ಒಲೆ ಮುಚ್ಚುವಷ್ಟೇ ಬೇಗ.
ಹಳದಿ ಬಾಣ ಎಡಕ್ಕೆ ಅಂದಿತು, ಎಡಕ್ಕೆ ಹೋದೆವು.
ಯಾವುದೋ ಕುರಿ ಮೈ ತಿಕ್ಕಿ ಕಂಬ ತಿರುಗಿಸಿತ್ತಂತೆ,
ಇದು ಆಮೇಲೆ ತಿಳಿದದ್ದು.

ಕಣ್ಣಿಗೇನೂ ಕಾಣದಿರುವಾಗ
ಗ್ಲೆನಿಸ್ ಶುರು ಮಾಡಿದಳು:
'ಟ್ರೆವೋರನ್ನು ಒಯ್ಯಲು ಅದು ಬಂತಲ್ಲ,
ಆ ಗಾಳಿಗೆ ಹಗ್ಗದ ಬಟ್ಟೆಯೆಲ್ಲ ಹಾರಿತು.
ಅವನನ್ನು ಒಳಗೆ ಎತ್ತುತ್ತಿದ್ದಾಗ
ನಾನು ಹೊಲದ ತುಂಬ ಓಡಾಡಿ
ದಿಂಬಿನ ಚೀಲ ಹೆಕ್ಕುತ್ತಿದ್ದೆ.
ಕೆಸರಾಯಿತಲ್ಲ ಅಂತ ಸಿಟ್ಟು ಬೇರೆ.
ನಾಲ್ಕು ಚೀಲ. ತಲೆಯೆತ್ತಿದಾಗ
ಅದು ಚರ್ಚಿನ ಆಚೆಗಿತ್ತು.'
ನಾನು ಏನೂ ಅನ್ನಲಿಲ್ಲ.
ಬೂಟಿನೊಳಗೆ ಅವಳ ಪಾದ
ಹಿಂದಕ್ಕೂ ಮುಂದಕ್ಕೂ ಸರಿಯುವುದು ಕೇಳುತ್ತಿತ್ತು.

ನಾವು ತಲುಪಿದಾಗ ಸಭಾಂಗಣದಲ್ಲಿ
ಚಹಾದ ಪಾತ್ರೆ ಬೋರಲಾಗಿತ್ತು,
ಕುರ್ಚಿ ಮಡಚುತ್ತಿದ್ದರು.

ಸೋಮವಾರ ಇದ್ವಾಲ್ ಮೂರು ನೋಟು ಎಣಿಸಿದ. ಅರವತ್ತು.
'ನಡೆದದ್ದು ಹದಿನಾಲ್ಕು,' ಅಂದೆ.
'ತಪ್ಪಿ ನಡೆದದ್ದು ನನ್ನ ಲೆಕ್ಕಕ್ಕಿಲ್ಲ.'
ನಾನು ಬಾಗಿಲು ದಾಟುವಾಗ ಕೇಳಿದ:
'ಮಂಜಿನಲ್ಲಿ ಎತ್ತ ಹೋದಿರಿ?'
ಕಲ್ಲುಗಣಿಯ ಕೆಳಗೆ. ಕಬ್ಬಿಣದ ಗೇಟು,
ನೀಲಿ ಹಗ್ಗ ಸುತ್ತಿದ್ದು.
'ನನ್ನದೇ. ಒಳಗೆ ಮರಿ ಹಾಕಿದ ಕುರಿಗಳಿವೆ.
ಗೇಟು ಮುಚ್ಚಿದಿರಾ?'

ಮುಚ್ಚಿದೆವು, ಅಂದೆ.

ರಾತ್ರಿ ಹಿಮ್ಮಡಿಯ ಬೊಬ್ಬೆಗೆ ಮುಲಾಮು ಹಚ್ಚಿ ಮಲಗಿದೆ.
ಗ್ಲೆನಿಸ್ ಎರಡನೆಯ ದಿಂಬಿನ ಚೀಲದಲ್ಲಿದ್ದಳು ಆಗ,
ಅವಳ ತೋಳು ನನ್ನ ಕೈಯಲ್ಲಿತ್ತು.
ಹಗ್ಗ ಸುತ್ತಿದ್ದು ಯಾರು, ಯಾವ ಕೈಯಿಂದ?
ಕಿಟಕಿ ತೆರೆದಿಟ್ಟೆ,
ರಸ್ತೆಯಲ್ಲಿ ಗೊರಸಿನ ಸದ್ದು ಕೇಳೀತೇ ಎಂದು.