ನಾಲ್ಕು ಸಾಲು ಮೀರಬಾರದು

ಸಂಸ್ಥೆಗೆ ಅರವತ್ತು ತುಂಬುತ್ತದೆ, ಪುಸ್ತಿಕೆ ಬೇಕಂತೆ.
ಒಬ್ಬೊಬ್ಬ ವಕೀಲರಿಗೂ ನಾಲ್ಕೇ ಸಾಲು:
ಓದಿದ್ದು, ಗೆದ್ದದ್ದು, ಕೂತ ಮಂಡಳಿಗಳು,
ಕೊನೆಗೆ ಸಮಾಜ ಸೇವೆ.
ಟೈಪು ಮಾಡುವವಳು ನಾನು.
ಈರಿ ಪಟ್ಟಣದ ಸ್ಟೇಟ್ ಸ್ಟ್ರೀಟಿನ ಎರಡನೇ ಮಹಡಿಯಲ್ಲಿ
ಇಪ್ಪತ್ತೊಂದು ವರ್ಷದಿಂದ
ಇವರ ಅಲ್ಪವಿರಾಮಗಳನ್ನು ತಿದ್ದುತ್ತಿದ್ದೇನೆ.

ಮೊದಲು ಮೌರೀನ್ ಹ್ಯಾಲೊರನ್.
ಪಿಟ್ಸ್‌ಬರ್ಗಿನಲ್ಲಿ ಓದು.
ಎರಕದ ಕಾರ್ಖಾನೆಯಲ್ಲಿ ಕಿವಿ ಕಳಕೊಂಡವರ ಪರ
ಹನ್ನೊಂದು ವರ್ಷದ ದಾವೆ, ಗೆಲುವು.
ಗುರುವಾರ ಸಂಜೆ ಉಚಿತ ಸಲಹೆ.
ಅಲ್ಲಿಗೆ ಸಾಲು ಮುಗಿಯಿತು.

ಎಲ್ಲಿ ಎಂದು ಬರೆಯಲು ಜಾಗವಿಲ್ಲ:
ಪರೇಡ್ ಸ್ಟ್ರೀಟಿನಲ್ಲಿ ಕಾಸು ಹಾಕಿ ಬಟ್ಟೆ ಒಗೆಯುವ ಲಾಂಡ್ರಿ,
ಒಣಗಿಸುವ ಯಂತ್ರಗಳ ಗುಡುಗುಡು,
ಮಡಿಸುವ ಮೇಜಿನ ಮೇಲೆ ಬಿಚ್ಚಿಟ್ಟ ಕಡತ.
"ಕಚೇರಿಗೆ ಬನ್ನಿ ಎಂದರೆ ಯಾರೂ ಬರುವುದಿಲ್ಲ,
ಮೆಟ್ಟಿಲು ಕಂಡರೇ ಹೆದರಿಕೆ.
ಬಟ್ಟೆ ಒಗೆಯಲೇಬೇಕಲ್ಲ" ಎನ್ನುತ್ತಾರೆ ಮೌರೀನ್.
ಒಬ್ಬೊಬ್ಬರಿಗೆ ನಲವತ್ತು ನಿಮಿಷದ ವಾಯಿದೆ,
ಟವೆಲು ದಪ್ಪವಿದ್ದರೆ ಐವತ್ತು.

ಅಲ್ಲಿಗೆ ಬಂದಳು ಧನಮಾಯಾ ಗುರುಂಗ್,
ಭೂತಾನ್ ಬಿಟ್ಟು, ನೇಪಾಳದ ಶಿಬಿರದಲ್ಲಿ ಹದಿನೇಳು ವರ್ಷ ಸವೆಸಿ,
ಸರೋವರವೇ ಹಿಮವಾಗಿ ಬೀಳುವ ಈ ಊರಿಗೆ.
ಕೈಯಲ್ಲಿ ಕದದಿಂದ ಕಿತ್ತ ಕಾಗದ,
ಹತ್ತು ದಿನದೊಳಗೆ ಖಾಲಿ ಮಾಡತಕ್ಕದ್ದು.
ಮೂಲೆಗಳಲ್ಲಿ ಕದದ ಹಸಿರು ಬಣ್ಣ
ಚಕ್ಕೆ ಚಕ್ಕೆಯಾಗಿ ಕೂಡಿಬಂದಿತ್ತು.

ಆ ಚಕ್ಕೆಯನ್ನು ನಾನು ಬಲ್ಲೆ.
ನಮ್ಮಪ್ಪ ಹಿರಿಯೂರಿನ ಮುನ್ಸೀಫ್ ಕೋರ್ಟಿನ ಅಮೀನ.
ಸೈಕಲ್ಲಿಗೆ ತೂಗುಬಿಟ್ಟ ಮೈದಾ ಅಂಟಿನ ಡಬ್ಬಿ;
ಕರೆದರೂ ಬಾಗಿಲು ತೆಗೆಯದವರ ಕದಕ್ಕೇ
ನೋಟೀಸು ಮೆತ್ತಿ ಬರುತ್ತಿದ್ದ.
ರಾತ್ರಿ ಅನ್ನ ಕಲಸುವಾಗ
ಬೆರಳಿಗೆ ಬೆರಳು ಅಂಟುತ್ತಿತ್ತು.
"ಕೋರ್ಟಲ್ಲಿ ಗೆದ್ದವ ಸೋತ, ಸೋತವ ಸತ್ತ.
ಅಂಟಿಸಿದವನ ಗತಿ ಏನೆಂದು
ಗಾದೆ ಕಟ್ಟಿದವರು ಹೇಳಲಿಲ್ಲ ನೋಡು" ಎನ್ನುತ್ತಿದ್ದ.

ಮೌರೀನ್ ಕಾಗದ ಓದಿದರು, ತಿರುಗಿಸಿ ಓದಿದರು.
ಹೀಟರು ಕೆಟ್ಟು ಎಷ್ಟು ದಿನ? ಯಾರಿಗೆ ಹೇಳಿದಿರಿ?
ಬರೆದು ಕೊಟ್ಟಿರಾ, ಬಾಯಲ್ಲೇ ಹೇಳಿದಿರಾ?
ಅಷ್ಟರಲ್ಲಿ ಯಂತ್ರ ನಿಂತಿತು.
ಧನಮಾಯಾ ಎದ್ದಳು, ಮಾತು ಮುಗಿದಿರಲಿಲ್ಲ.
ಮೌರೀನ್ ಜೇಬಿನಿಂದ ಎರಡು ಕ್ವಾರ್ಟರ್ ತೆಗೆದು ಹಾಕಿದರು,
ಒಣಗಿದ ಬಟ್ಟೆ
ಮತ್ತೆ ಒಣಗತೊಡಗಿತು.

ಏಪ್ರಿಲ್ ತನಕ ಗಡುವು ಸಿಕ್ಕಿತು.
ಗೆಲುವಲ್ಲ ಅದು, ಪುಸ್ತಿಕೆಗೆ ಬಾರದು.
ಹಿಮದಲ್ಲಿ ಹೊರಬೀಳಲಿಲ್ಲ, ಅಷ್ಟೆ.

ಮುಂದಿನವರು ಥ್ಯಾಡಿಯಸ್ ಪ್ರುಯಿಟ್.
ಮನೆ ಮಾಲೀಕರ ಪರ ಮೂವತ್ತು ವರ್ಷದ ವಕಾಲತ್ತು
(ಧನಮಾಯಾಳ ಮಾಲೀಕ ಬೇರೆಯವರ ಕಕ್ಷಿ, ಪುಣ್ಯಕ್ಕೆ).
ಬೀದಿಯಲ್ಲಿ ಮಲಗುವವರ ಆಶ್ರಯಕ್ಕೆ
ಚಳಿಗಾಲಕ್ಕೊಮ್ಮೆ ಇನ್ನೂರು ಕಂಬಳಿ ದಾನ.
ಎರಡೂ ಸತ್ಯ. ಒಳ್ಳೆಯ ಮನುಷ್ಯ,
ನನ್ನ ಆಪರೇಷನ್ನಿನ ದಿನ ತಾನೇ ಕಾರು ತಂದಿದ್ದ.
ನಡುವೆ ಒಂದು ಅರ್ಧವಿರಾಮ ಹಾಕಿ
ಈಚೆ ಬಂದೆ.

ಲೊರೇನ್ ಡ್ವೊರಾಕ್ ತೀರಿಕೊಂಡು ಆರು ವರ್ಷ.
ಬೋರ್ಡಿನಲ್ಲಿ ಇದ್ದಾರೆ, ಪುಸ್ತಿಕೆಯಲ್ಲಿ ಬೇಡವಂತೆ.
ಲಾಂಡ್ರಿಗೆ ಮೊದಲು ಹೋಗಿ ಕೂತವರು ಅವರೇ.
ಅವರ ಮೇಜಿನ ಕೆಳಗಿನ ಸೆಳೆಖಾನೆಯಲ್ಲಿ
ಇನ್ನೂ ಒಂದು ಕಂದು ಲಕೋಟೆ,
ಮೇಲೆ ಅವರದೇ ಓರೆ ಅಕ್ಷರ: ಗುರುವಾರ.

ಬುಧವಾರ ಮಧ್ಯಾಹ್ನ ಬ್ಯಾಂಕಿಗೆ ಹೋಗಿ
ಹತ್ತು ಡಾಲರಿನ ಕ್ವಾರ್ಟರ್ ಸುರುಳಿ ತಂದು
ಅದನ್ನು ತುಂಬಿಸಿಡುತ್ತೇನೆ.
ಯಾರೂ ಹೇಳಿದ್ದಲ್ಲ. ಯಾರೂ ಕೇಳಿದ್ದೂ ಇಲ್ಲ.
ಆ ರಾತ್ರಿ ಅನ್ನ ಕಲಸುವಾಗ
ಬೆರಳಲ್ಲಿ ಕಾಸಿನ ವಾಸನೆ,
ಎಷ್ಟು ತೊಳೆದರೂ.
ಅಪ್ಪನಿಗೆ ಹೇಳಬೇಕೆನಿಸುತ್ತದೆ:
ಅಂಟುವುದಿಲ್ಲ ಇದು.

ಪುಸ್ತಿಕೆ ನಾಳೆ ಅಚ್ಚಿಗೆ.
ಪ್ರುಯಿಟ್ ಹೆಸರಲ್ಲಿ ಒಂದು ಕೊಂಬು ತಪ್ಪಿದೆ,
ಸರಿಮಾಡಿ ದೀಪ ಆರಿಸಬೇಕು.