ಅಲುಗಾಡಬೇಡಿ

ಎಕ್ಸ್‌ರೇ ಕೋಣೆಯ ಹೊರಗಿನ ಬೆಂಚಿನ ಮೇಲೆ
ಶಗುಫ್ತಾ ತನ್ನ ಫೋನು ನನ್ನ ಕೈಗಿಟ್ಟಳು:
"ನಾನೇ ಮಾಡಿದ್ದು ಅಕ್ಕ, ಆಟ. ಒಂದ್ಸಲ ಆಡಿ ನೋಡ್ರಿ,
ಎಲ್ಲಿ ಕೈಕೊಡ್ತೈತೆ ಹೇಳ್ರಿ."
ಒಳಗೆ ಅವಳ ತಂದೆ ಖಲಂದರ್ ಸಾಬ್
ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದರು.
ತಲೆಗೂದಲಲ್ಲಿ ಭತ್ತದ ಹೊಟ್ಟು,
ಮೈಯೆಲ್ಲ ಮಂಡಕ್ಕಿ ಭಟ್ಟಿಯ ಹೊಗೆ.

ಆಟವೆಂದರೆ ಏನಿಲ್ಲ.
ಬೂದುಬಣ್ಣದ ಪರದೆ, ಮೇಲೆ ಸಾಸಿವೆಯಷ್ಟು ಚುಕ್ಕೆಗಳು,
ಮೂಲೆಯಲ್ಲಿ ಒಂದು ಸಂಖ್ಯೆ: ನೂರೆಂಟು.
ಬಂದೂಕಿಲ್ಲ, ಓಟವಿಲ್ಲ, ನಾಣ್ಯ ಬೀಳುವ ಸದ್ದಿಲ್ಲ.
ಒರೆಸೋಣವೆಂದು ಒಂದರ ಮೇಲೆ ಬೆರಳಿಟ್ಟೆ.
ಎರಡಾಯಿತು.
ಎರಡನ್ನೂ ಒತ್ತಿದೆ. ನಾಲ್ಕು.
ಕಾದ ಮರಳಿಗೆ ಬಿದ್ದ ಅಕ್ಕಿಯ ಹಾಗೆ
ಚಟಪಟ ಅರಳಿ ಪರದೆ ತುಂಬ ಬೆಳ್ಳಗೆ.

ಶಗುಫ್ತಾ ನಕ್ಕಳು. "ಎಲ್ರೂ ಹಂಗೇ ಮಾಡ್ತಾರೆ.
ಮುಟ್ಟಬಾರ್ದು. ಅಂಗೈ ಮೇಲೆ ಇಟ್ಕಂಡು ಸುಮ್ನೆ ಕುಂದ್ರಬೇಕು.
ಕೈ ಅಲುಗಿದ್ರೂ ಅದಕ್ಕೆ ಗೊತ್ತಾಗ್ತೈತೆ."
"ಸೊನ್ನೆ ಆದ್ರೆ?"
"ಏನೂ ಆಗಲ್ಲ. ತಾನೇ ಮುಚ್ಕೊಳ್ತೈತೆ."
"ಗೆದ್ದಿರಿ ಅಂತ ಬರಲ್ವಾ?"
"ಬಂದ್ರೆ ಮತ್ತೆ ಅದೊಂದು ಯೋಚ್ನೆ ಆಗಲ್ವಾ ಅಕ್ಕ?"

ಇಪ್ಪತ್ತೆರಡು ವರ್ಷದಿಂದ ನನ್ನ ಕಸುಬೂ ಇಷ್ಟೇ:
ಗದ್ದ ಮೇಲಕ್ಕೆ, ಎದೆ ಹಲಗೆಗೆ ಒತ್ತಿ,
ಉಸಿರೆಳ್ಕೊಳ್ಳಿ, ಹಿಡೀರಿ, ಅಲುಗಾಡಬೇಡಿ,
ಬಿಡಿ.
ಹರಿಹರದಿಂದ ಬಂದವರಿಗೆ, ಜಗಳೂರಿನವರಿಗೆ,
ಸೊಸೆಯ ಮೇಲಿನ ಸಿಟ್ಟನ್ನು ಬಿಚ್ಚಿಡದೆ
ಸರ ಮಾತ್ರ ಬಿಚ್ಚಿಟ್ಟು ನಿಂತ ಮುದುಕಿಗೆ,
ಹಲಗೆ ತಣ್ಣಗಿದೆಯೆಂದು ನಗುವ ಮಗುವಿಗೆ.
ಒಮ್ಮೆ 'ಬಿಡಿ' ಎನ್ನುವುದು ಮರೆತು
ಗರಡಿಮನೆಯ ಪೈಲ್ವಾನನೊಬ್ಬ
ಕೆಂಪಗಾಗಿ ನಿಂತೇ ಇದ್ದ.

"ಏನಾದ್ರೂ ಐತಾ ಮೇಡಂ?" ಅಂದರು ಖಲಂದರ್ ಸಾಬ್,
ಟೋಪಿ ಸರಿಮಾಡಿಕೊಳ್ಳುತ್ತ.
"ಡಾಕ್ಟರು ಹೇಳ್ತಾರೆ."
ಇದ್ದಾಗಲೂ ಇಲ್ಲದಾಗಲೂ ಈ ಎರಡು ಪದವನ್ನು
ಒಂದೇ ದನಿಯಲ್ಲಿ ಹೇಳಲು ಕಲಿತಿದ್ದೇನೆ.
ಅವರ ಬಲ, ನೋಡುವ ನನಗೆ ಎಡ;
ಮೇಲ್ತುದಿ, ಕೊರಳೆಲುಬಿನ ಕೆಳಗೆ,
ಸಾಸಿವೆಯಲ್ಲ, ಕಡಲೆಕಾಳಿನಷ್ಟು
ಬಿಳುಪು.
ಹಳೆಯ ಗಾಯದ ಕಲೆಯಿರಬಹುದು. ಭಟ್ಟಿಯದಿರಬಹುದು.
ಇರಬಹುದು ಎನ್ನುವುದು ನನ್ನ ಕೆಲಸವಲ್ಲ.

ಹೋಗುವ ಮುಂಚೆ ಅವಳು
ನನ್ನ ಫೋನಿಗೂ ಆಟ ಹಾಕಿಕೊಟ್ಟಳು.

ರಾತ್ರಿ ಪಾಳಿ. ಪಿ.ಜೆ. ಬಡಾವಣೆಯಲ್ಲಿ
ಔಷಧಿ ಅಂಗಡಿಯೊಂದನ್ನು ಬಿಟ್ಟು ಎಲ್ಲ ಷಟರೂ ಇಳಿದಿವೆ.
ಸೀಸದ ಏಪ್ರನ್ನು ಗೂಟಕ್ಕೆ ಹಾಕಿ ಕೂತೆ.
ನೂರೆಂಟು.
ಸ್ಕೂಟಿಯ ವಿಮೆ ಮುಗಿದಿದೆ.
ಕುಕ್ಕರಿನ ರಬ್ಬರು.
ಕುಂದುವಾಡ ಕೆರೆಯ ಏರಿಯ ಮೇಲೆ ಗಂಡ ಅಂದ ಒಂದು ಮಾತು,
ಹತ್ತು ವರ್ಷ ಹಳೆಯದು, ಇನ್ನೂ ಬಿಸಿಯಿದೆ.
ಮುಟ್ಟಲಿಲ್ಲ.
ಬಂದವು, ತುಸು ಹೊತ್ತು ಸಾಲಿನಲ್ಲಿ ನಿಂತವು,
ಚೀಟಿ ಕೊಡುವವರು ಯಾರೂ ಇಲ್ಲವೆಂದು ತಿಳಿದು
ಎದ್ದುಹೋದವು.
ಅರವತ್ತು. ಮೂವತ್ತೊಂದು.
ಮೇಲಿನ ವಾರ್ಡಿನಲ್ಲಿ ಯಾರೋ ಕೆಮ್ಮಿದರು: ಮೂವತ್ತನಾಲ್ಕು.
ಹನ್ನೊಂದು.
ನಾಲ್ಕು.
ಒಂದು.

ಅದು ನನಗೆ ಎಡಗಡೆ, ಮೇಲ್ತುದಿಯಲ್ಲಿತ್ತು.
ಹುಡುಗಿ ಬೇಕೆಂದು ಅಲ್ಲಿಟ್ಟಿದ್ದಲ್ಲ,
ಚುಕ್ಕೆಯೆಂದ ಮೇಲೆ ಎಲ್ಲೋ ಒಂದು ಕಡೆ ಇರಲೇಬೇಕಲ್ಲ.
ಹತ್ತು ನಿಮಿಷ. ಇಪ್ಪತ್ತು.
ಹೋಗಲಿಲ್ಲ, ಎರಡೂ ಆಗಲಿಲ್ಲ.
ನಾನು ಉಸಿರಾಡಿದ ಹಾಗೆ ತುಸು ಹಿಗ್ಗಿ ತುಸು ಕುಗ್ಗುತ್ತಿತ್ತು,
ಅಥವಾ ನನ್ನ ಕೈ ಸೋತಿತ್ತು.
ಆಮೇಲೆ ಬ್ಯಾಟರಿ ಮುಗಿಯಿತು.

ನಾಳೆ ಹತ್ತೂವರೆಗೆ ಅವರು ರಿಪೋರ್ಟಿಗೆ ಬರುತ್ತಾರೆ.
ಶಗುಫ್ತಾ ಎರಡು ಪ್ರಶ್ನೆ ಕೇಳುತ್ತಾಳೆ.
ಒಂದಕ್ಕೆ ಉತ್ತರ ಇಟ್ಟುಕೊಂಡಿದ್ದೇನೆ:
ಎಲ್ಲೂ ಕೈಕೊಡಲಿಲ್ಲ ಮಗಳೇ, ಚೆನ್ನಾಗಿದೆ ಆಟ.
ಒಂದರ ತನಕ ಹೋದೆ.